ಹಿನ್ನೆಲೆಯಲ್ಲಿದ್ದ ಆ ಗುಡಿ ಕಟ್ಟಿದವರು ಯಾರು?

1977ರಲ್ಲಿ ತೆರೆಕಂಡ ಮೊದಲ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಕೆಲವೇ ಸೆಕೆಂಡು ಬಂದು ಹೋಗುವ ಒಂದು ದೃಶ್ಯವಿದೆ. ಕಣ್ಣು ಹಾಯುವಷ್ಟು ದೂರ ಕಾಡು. ಮರಗಳನ್ನೂ ಮೀರಿ ಎದ್ದು ನಿಂತ ಹಳೆಯ ಕಲ್ಲಿನ ಗೋಪುರಗಳು. ಎತ್ತರದಲ್ಲಿ ನಿಂತ ಕಾವಲುಗಾರನೊಬ್ಬ ಇಳಿಯಲು ಬರುತ್ತಿರುವ ಆಕಾಶನೌಕೆಯನ್ನು ನೋಡುತ್ತಾನೆ. ಅದು ಯಾವಿನ್ 4 ಎಂಬ ಉಪಗ್ರಹ, ಬಂಡಾಯಗಾರರ ಅಡಗುತಾಣ. ಮುಂದೆ ಕಥೆ ಓಡುತ್ತದೆ, ಯುದ್ಧ ನಡೆಯುತ್ತದೆ, ಡೆತ್ ಸ್ಟಾರ್ ಸಿಡಿದು ಚೂರಾಗುತ್ತದೆ. ಬಂಡಾಯಗಾರರು ಬರುವ ಮೊದಲು ಆ ಕಾಡಿನಲ್ಲಿ ಅಷ್ಟು ದೊಡ್ಡ ಗುಡಿಗಳನ್ನು ಕಟ್ಟಿದವರು ಯಾರು, ಅವರೆಲ್ಲ ಎಲ್ಲಿ ಹೋದರು ಎಂಬುದನ್ನು ಸಿನಿಮಾ ಹೇಳುವುದೇ ಇಲ್ಲ.

ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಕಾಮಿಕ್ಸ್. 1993ರಿಂದ ಸುಮಾರು ಇಪ್ಪತ್ತು ವರ್ಷ, ಡಾರ್ಕ್ ಹಾರ್ಸ್ ಎಂಬ ಅಮೆರಿಕದ ಪ್ರಕಾಶನ ಸಂಸ್ಥೆ ಈ ಬಾಹ್ಯಾಕಾಶ ಕಥೆಯ ‘ಪ್ರಾಚೀನ ಇತಿಹಾಸ’ವನ್ನು ಚಿತ್ರಗಳಲ್ಲಿ ಕಟ್ಟುತ್ತಾ ಬಂತು. ಆಮೇಲೆ ಅವು ದಪ್ಪ ಗ್ರಾಫಿಕ್ ಕಾದಂಬರಿಗಳಾಗಿ ಬಂದವು. ಅವನ್ನು ಓದುತ್ತಾ ಹೋದಂತೆ ನನ್ನಲ್ಲಿ ಎರಡು ವಿಚಾರ ಒಟ್ಟಿಗೆ ಬೆಳೆದವು. ಇಲ್ಲದ ಲೋಕಕ್ಕೆ ಇತಿಹಾಸ ಕಟ್ಟುವುದು ಹೇಗೆ ಎಂಬುದು ಒಂದು. ಕಲ್ಲು, ಶಾಸನ ಎಲ್ಲವೂ ಇದ್ದೂ ಕಥೆ ಕಟ್ಟಿಕೊಳ್ಳದ ನಮ್ಮಂಥ ಊರುಗಳದು ಇನ್ನೊಂದು.

ಸಾವಿರ ತಲೆಮಾರಿನ ಖಾಲಿ ಜಾಗ

ಸ್ಟಾರ್ ವಾರ್ಸ್ ನೋಡದವರಿಗೆ ಎರಡು ಮಾತು. ಜೆಡೈಗಳು ಎಂದರೆ ‘ಫೋರ್ಸ್’ ಎಂಬ ಅಗೋಚರ ಶಕ್ತಿಯನ್ನು ಬಲ್ಲ ಯೋಧರು, ಅರ್ಧ ಸನ್ಯಾಸಿಗಳು. ಅದೇ ಶಕ್ತಿಯನ್ನು ಅಧಿಕಾರಕ್ಕಾಗಿ ಬಳಸುವವರು ಸಿತ್‌ಗಳು. ಮೊದಲ ಸಿನಿಮಾದಲ್ಲಿ ಓಬಿ-ವಾನ್ ಕೆನೋಬಿ ಎಂಬ ಮುದುಕ, ಸಾವಿರಕ್ಕೂ ಹೆಚ್ಚು ತಲೆಮಾರು ಜೆಡೈಗಳು ಹಳೆಯ ಗಣರಾಜ್ಯವನ್ನು ಕಾದಿದ್ದರು ಎಂದು ಹುಡುಗನಿಗೆ ಹೇಳುತ್ತಾನೆ. ಇಷ್ಟೇ. ಒಂದು ತಲೆಮಾರಿಗೆ 25 ವರ್ಷ ಹಿಡಿದರೂ 25 ಸಾವಿರ ವರ್ಷ! ನಿರ್ದೇಶಕ ಜಾರ್ಜ್ ಲ್ಯೂಕಾಸ್ ಒಂದು ವಾಕ್ಯದಲ್ಲಿ ಅಷ್ಟು ದೊಡ್ಡ ಬಯಲನ್ನು ಖಾಲಿ ಬಿಟ್ಟು ಹೋಗಿದ್ದರು.

ಅದನ್ನು ಮೊದಲು ಉಳಲು ಇಳಿದವರು ಬರಹಗಾರ ಟಾಮ್ ವೀಚ್. 1993ರ ಕೊನೆಯಲ್ಲಿ ‘ಟೇಲ್ಸ್ ಆಫ್ ದ ಜೆಡೈ’ ಶುರುವಾಯಿತು. ಕಾಲ, ಸಿನಿಮಾದ ಕಥೆಗಿಂತ ನಾಲ್ಕು ಸಾವಿರ ವರ್ಷ ಹಿಂದೆ. ನಂತರ ಕೆವಿನ್ ಜೆ. ಆಂಡರ್ಸನ್ ಜೊತೆಗೂಡಿದರು. 1998ರ ಹೊತ್ತಿಗೆ ಏಳು ಕಿರು ಸರಣಿಗಳು ಬಂದವು. ಅವುಗಳಲ್ಲಿ ಎರಡು ಇನ್ನೂ ಹಿಂದಕ್ಕೆ, ಐದು ಸಾವಿರ ವರ್ಷ ಹಿಂದಕ್ಕೆ ಹೋಗುತ್ತವೆ.

ಯಾವಿನ್ ಗುಡಿಗಳ ಕಥೆ ಬಿಚ್ಚಿಕೊಳ್ಳುವುದು ಇಲ್ಲೇ. ಗುಡಿ ಕಟ್ಟಿದ ಜನ ಮಸಾಸಿಗಳು ಎಂಬ ಹೆಸರು ಮೊದಲೇ ಇತ್ತು. ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಯುದ್ಧದಲ್ಲಿ ಸೋತ ನಾಗಾ ಸಾಡೋ ಎಂಬ ಸಿತ್ ದೊರೆ ತನ್ನ ಮಸಾಸಿ ಸೈನಿಕರೊಂದಿಗೆ ಓಡಿಬಂದು ಆ ಉಪಗ್ರಹದಲ್ಲಿ ಅಡಗುತ್ತಾನೆ ಎಂದು ಕಾಮಿಕ್ಸ್ ಹೇಳಿತು. ಸಾವಿರ ವರ್ಷದ ನಂತರ ಎಕ್ಸಾರ್ ಕುನ್ ಎಂಬ ದಾರಿ ತಪ್ಪಿದ ಜೆಡೈ ಅಲ್ಲಿಗೆ ಬಂದು, ಆ ಸೈನಿಕರ ವಂಶಸ್ಥರನ್ನು ಜೀತಕ್ಕಿಟ್ಟುಕೊಂಡು ದೊಡ್ಡ ಗುಡಿಗಳನ್ನು ಕಟ್ಟಿಸುತ್ತಾನೆ. ಕೊನೆಗೆ ಜೆಡೈಗಳ ಪಡೆ ಸುತ್ತುವರಿದಾಗ ಅವರೆಲ್ಲರ ಜೀವಶಕ್ತಿಯನ್ನು ಹೀರಿ, ತನ್ನ ಆತ್ಮವನ್ನು ಆ ಕಲ್ಲುಗಳೊಳಗೇ ಉಳಿಸಿಕೊಳ್ಳುತ್ತಾನೆ. ಗುಡಿ ಯಾಕಿದೆ ಎಂಬುದಕ್ಕೂ, ಖಾಲಿ ಯಾಕಿದೆ ಎಂಬುದಕ್ಕೂ ಒಂದೇ ಕಥೆಯಲ್ಲಿ ಉತ್ತರ ಸಿಕ್ಕಿತು. ಅದನ್ನು ಓದಿ ಮತ್ತೆ 1977ರ ಸಿನಿಮಾ ನೋಡಿದರೆ ಆ ಕೆಲವು ಸೆಕೆಂಡುಗಳ ತೂಕವೇ ಬೇರೆ.

ಹಳೆಯದು ಹಳೆಯದರಂತೆ ಕಾಣಬೇಕು

ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಹಾಗಾಗಿ ನನ್ನ ಕಣ್ಣು ಮೊದಲು ಹೋಗಿದ್ದು ಸಲಕರಣೆಗಳ ಕಡೆಗೆ. ಸಿನಿಮಾದಲ್ಲೇ ಬೆಳಕಿನ ವೇಗ ಮೀರುವ ನೌಕೆಗಳಿವೆ, ಮಾತಾಡುವ ರೋಬೊಗಳಿವೆ. ಅದಕ್ಕಿಂತ ಸಾವಿರಾರು ವರ್ಷ ಹಿಂದಿನ ಕಾಲವನ್ನು ತೋರಿಸುವುದು ಹೇಗೆ? ಎತ್ತಿನ ಗಾಡಿ ಬರೆದರೆ ಬಾಹ್ಯಾಕಾಶ ಕಥೆಯಾಗದು, ಅದೇ ನೌಕೆ ಬರೆದರೆ ಪ್ರಾಚೀನವಾಗದು.

ಚಿತ್ರಕಾರರು ಕಂಡುಕೊಂಡ ದಾರಿ ಸರಳ. ಒಂದೇ ವಸ್ತುವನ್ನು ಹಂತಹಂತವಾಗಿ ಹಿಂದಕ್ಕೆ ಕರೆದೊಯ್ಯುವುದು. ಜೆಡೈಗಳ ‘ಲೈಟ್‌ಸೇಬರ್’ ಎಂಬ ಬೆಳಕಿನ ಕತ್ತಿಯನ್ನೇ ನೋಡಿ. ಸಿನಿಮಾದಲ್ಲಿ ಅದು ಅಂಗೈಯಲ್ಲಿ ಹಿಡಿಯುವ ಒಂದು ಹಿಡಿಕೆ ಮಾತ್ರ. ಐದು ಸಾವಿರ ವರ್ಷ ಹಿಂದಿನ ಕಥೆಯಲ್ಲಿ ಅದೇ ಕತ್ತಿಗೆ ವೈರ್ ಇದೆ. ಸೊಂಟಕ್ಕೆ ಕಟ್ಟಿದ ಬ್ಯಾಟರಿಯಿಂದ ವಿದ್ಯುತ್ ಬರಬೇಕು. ಆ ಒಂದು ವೈರ್ ನೋಡಿದ ಕೂಡಲೇ, ಯಾರೂ ಹೇಳಿಕೊಡದೆ, ಇದು ಹಳೆಯ ಕಾಲ ಎಂದು ಗೊತ್ತಾಗುತ್ತದೆ. ಮೊದಲ ಮೊಬೈಲ್‌ಗಳ ಗಾತ್ರ ನೋಡಿದಾಗ ನಮಗೆ ಆಗುವ ಅನುಭವ ಇದೇ ಅಲ್ಲವೇ? 2012ರಿಂದ 2014ರವರೆಗೆ ಬಂದ ‘ಡಾನ್ ಆಫ್ ದ ಜೆಡೈ’ 25 ಸಾವಿರ ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ. ಜಾನ್ ಆಸ್ಟ್ರಾಂಡರ್ ಬರೆದು ಜಾನ್ ಡ್ಯೂರ್ಸೆಮಾ ಚಿತ್ರಿಸಿದ ಈ ಸರಣಿಯ ಆದಿಮ ಜೆಡೈಗಳ ಕೈಯಲ್ಲಿರುವುದು ಲೋಹದ ಕತ್ತಿ.

ಇದಕ್ಕೆ ಉಲ್ಟಾ ಪ್ರಯಾಣವೂ ನಡೆದಿದೆ. ಎರಡೂ ಕಡೆ ಬೆಳಕಿನ ಅಲಗು ಇರುವ ಕತ್ತಿಯನ್ನು 1999ರ ಸಿನಿಮಾದಲ್ಲಿ ಡಾರ್ತ್ ಮಾಲ್ ತಿರುಗಿಸಿದಾಗ ಥಿಯೇಟರುಗಳಲ್ಲಿ ಶಿಳ್ಳೆ ಬಿದ್ದಿತ್ತು. ಆ ಕಲ್ಪನೆ ಅದಕ್ಕೂ ಕೆಲವು ವರ್ಷ ಮುಂಚೆಯೇ ಕಾಮಿಕ್ಸ್‌ನಲ್ಲಿ, ಎಕ್ಸಾರ್ ಕುನ್‌ನ ಕೈಯಲ್ಲಿ ಬಂದಿತ್ತು. ಅದನ್ನು ರೂಪಿಸಿದವರು ಚಿತ್ರಕಾರ ಕ್ರಿಶ್ಚಿಯನ್ ಗೋಸೆಟ್. 2003ರಲ್ಲಿ ಕೆನಡಾದ ಬಯೋವೇರ್ ಸಂಸ್ಥೆ ತಂದ ‘ನೈಟ್ಸ್ ಆಫ್ ದ ಓಲ್ಡ್ ರಿಪಬ್ಲಿಕ್’ ವಿಡಿಯೊ ಗೇಮ್ ಕೂಡ ಈ ಕಾಮಿಕ್ಸ್ ಹಾಕಿದ ಅಡಿಪಾಯದ ಮೇಲೆಯೇ ನಿಂತಿದೆ. ಕಡಿಮೆ ಖರ್ಚಿನ ಕಾಗದದ ಮೇಲೆ ಮೊದಲು ಪ್ರಯೋಗ, ಆಮೇಲೆ ಕೋಟಿಗಟ್ಟಲೆ ಬಂಡವಾಳದ ಗೇಮ್ ಮತ್ತು ಸಿನಿಮಾ. ಅನಿಮೇಷನ್, ಗೇಮ್ ಡಿಸೈನ್ ಕಡೆ ಕೆಲಸ ಹುಡುಕುತ್ತಿರುವ ಗೆಳೆಯರು ಈ ಕ್ರಮವನ್ನು ಗಮನಿಸಬೇಕು.

ಇನ್ನೊಂದು ಜಾಣತನ ಕಾಲಗಣನೆಯದು. ಅಭಿಮಾನಿಗಳು ಯಾವಿನ್ ಯುದ್ಧವನ್ನು ಸೊನ್ನೆ ವರ್ಷ ಎಂದು ಇಟ್ಟುಕೊಂಡಿದ್ದಾರೆ. ಎಲ್ಲ ಘಟನೆಗಳೂ ಅದಕ್ಕಿಂತ ಇಷ್ಟು ವರ್ಷ ಮೊದಲು, ಇಷ್ಟು ವರ್ಷ ನಂತರ. ನಮ್ಮ ಶಾಸನಗಳಲ್ಲಿ ಶಕವರ್ಷ ಬರುತ್ತದಲ್ಲ, ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕದ ಇಸವಿ ಸಿಗುತ್ತದಲ್ಲ, ಹಾಗೆಯೇ ಇದೂ. ಹತ್ತಾರು ಲೇಖಕರು ಬೇರೆ ಬೇರೆ ಕಡೆ ಕುಳಿತು ಬರೆದರೂ ಎಲ್ಲರ ಗಡಿಯಾರ ಒಂದೇ ಆಗಿದ್ದರಿಂದ ಇಡೀ ಕಟ್ಟಡ ನಿಂತಿತು.

ಚಕ್ರವರ್ತಿಗಳಿಗಿಂತ ಚಿಕ್ಕವರೇ ಹೆಚ್ಚು

ಸಲಕರಣೆಯಿಂದ ಕಾಲ ಗೊತ್ತಾಗಬಹುದು, ಮನಸ್ಸು ಹಿಡಿಯುವುದು ಮನುಷ್ಯರು. ‘ಟೇಲ್ಸ್’ ಸರಣಿಯ ನೋಮಿ ಸನ್‌ರೈಡರ್ ಯೋಧೆಯೇ ಅಲ್ಲ. ಗಂಡ ಜೆಡೈ, ಕೈಯಲ್ಲಿ ಪುಟ್ಟ ಮಗಳು. ದಾರಿಯಲ್ಲಿ ಪುಂಡರು ಗಂಡನನ್ನು ಕೊಂದಾಗ, ಮಗಳನ್ನು ಉಳಿಸಿಕೊಳ್ಳಲು ಅವನ ಕತ್ತಿಯನ್ನು ಎತ್ತಿಕೊಳ್ಳುತ್ತಾಳೆ. ಆಮೇಲೆ ಬಹಳ ದಿನ ಮತ್ತೆ ಅದನ್ನು ಮುಟ್ಟಲು ಹಿಂಜರಿಯುತ್ತಾಳೆ. ಅವಳ ಜೊತೆಗಾರ ಉಲಿಕ್ ಕೆಲ್-ಡ್ರೋಮಾ ಶತ್ರುಗಳನ್ನು ಒಳಗಿನಿಂದ ಒಡೆಯುತ್ತೇನೆಂದು ಹೋಗಿ ಅವರಲ್ಲೊಬ್ಬನಾಗುತ್ತಾನೆ. ಸ್ವಂತ ತಮ್ಮನನ್ನೇ ಕೊಲ್ಲುತ್ತಾನೆ. ನೋಮಿ ಅವನನ್ನು ಕೊಲ್ಲುವುದಿಲ್ಲ, ಅವನಲ್ಲಿದ್ದ ಶಕ್ತಿಯನ್ನು ಶಾಶ್ವತವಾಗಿ ಮುಚ್ಚಿಬಿಡುತ್ತಾಳೆ. ಕೊನೆಯ ಸರಣಿಯಲ್ಲಿ, ಹತ್ತು ವರ್ಷದ ನಂತರ, ಹಿಮ ಬಿದ್ದ ಗ್ರಹವೊಂದರಲ್ಲಿ ಒಂಟಿಯಾಗಿರುವ ಅದೇ ಉಲಿಕ್‌ನನ್ನು ನೋಮಿಯ ಮಗಳು ಗುರುವಾಗೆಂದು ಹುಡುಕಿಕೊಂಡು ಬರುತ್ತಾಳೆ. ಯುದ್ಧದ ಪುಟಗಳಿಗಿಂತ ಈ ಪುಟಗಳು ನನಗೆ ಹೆಚ್ಚು ನೆನಪಿವೆ.

ಐದು ಸಾವಿರ ವರ್ಷ ಹಿಂದಿನ ಕಥೆಯ ನಾಯಕರು ಗಾವ್ ಮತ್ತು ಜೋರಿ ಡ್ಯಾರಗಾನ್ ಎಂಬ ಅಣ್ಣತಂಗಿ. ನಕ್ಷತ್ರಗಳ ನಡುವೆ ಹೊಸ ದಾರಿ ಗುರುತಿಸಿ, ಆ ನಕ್ಷೆ ಮಾರಿ ಹೊಟ್ಟೆ ಹೊರೆಯುವವರು. ಮೈತುಂಬಾ ಸಾಲ. ಸಾಲದಿಂದ ತಪ್ಪಿಸಿಕೊಳ್ಳಲು ಗೊತ್ತಿಲ್ಲದ ದಾರಿಗೆ ಜಿಗಿದು ಸಿತ್ ಸಾಮ್ರಾಜ್ಯಕ್ಕೆ ಹೋಗಿ ಬೀಳುತ್ತಾರೆ. ಒಂದು ದೊಡ್ಡ ಯುದ್ಧ ಹುಟ್ಟುವುದು ಇಬ್ಬರು ಸಾಲಗಾರರ ಓಟದಿಂದ.

ನಮ್ಮ ವಯಸ್ಸಿನವರಿಗೆ ತೀರಾ ಹತ್ತಿರವಾಗುವವನು ಝೇನ್ ಕ್ಯಾರಿಕ್. 2006ರಿಂದ 2010ರವರೆಗೆ ಜಾನ್ ಜಾಕ್ಸನ್ ಮಿಲ್ಲರ್ ಬರೆದ, ಗೇಮ್‌ನ ಹೆಸರನ್ನೇ ಹೊತ್ತ 50 ಸಂಚಿಕೆಗಳ ಸರಣಿಯ ನಾಯಕ. ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ, ಎಲ್ಲದರಲ್ಲೂ ಎಡವಟ್ಟು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕ್‌ಲಾಗ್ ಹುಡುಗ. ಪದವಿ ಪ್ರದಾನದ ದಿನ ತಡವಾಗಿ ಬರುತ್ತಾನೆ. ಬಂದು ನೋಡಿದರೆ ಸಹಪಾಠಿಗಳೆಲ್ಲ ಹೆಣವಾಗಿ ಬಿದ್ದಿದ್ದಾರೆ, ಕೊಂದವರು ಗುರುಗಳೇ. ಭವಿಷ್ಯದ ಭಯಂಕರ ದೃಶ್ಯವೊಂದು ಕಂಡಿತೆಂದು, ಅದನ್ನು ತಡೆಯುತ್ತೇವೆಂದು ಮಾಡಿದ ಕೊಲೆ. ಅಪವಾದ ಬರುವುದು ಝೇನ್ ತಲೆಗೆ. ಒಬ್ಬ ಮೋಸಗಾರನ ಜೊತೆ ಓಡುತ್ತಾ, ತಾನು ತಪ್ಪಿತಸ್ಥನಲ್ಲ ಎಂದು ಸಾಬೀತು ಮಾಡುವುದೇ ಕಥೆ. ರಾಜರ ಪಟ್ಟಿ ಓದಿದರೆ ಪರೀಕ್ಷೆ ಮುಗಿದ ದಿನ ಮರೆತುಹೋಗುತ್ತದೆ. ಸಾಲಗಾರ, ವಿಧವೆ, ದಡ್ಡ ಶಿಷ್ಯ ಇವರ ಮೂಲಕ ಹೇಳಿದ ಕಾಲ ಮರೆಯುವುದಿಲ್ಲ.

ಒಂದು ದಿನದಲ್ಲಿ ಬದಲಾದ ಇತಿಹಾಸ

ಇಷ್ಟೆಲ್ಲ ಕಟ್ಟಿದ ಮೇಲೆ ಏನಾಯಿತು? 2012ರ ಅಕ್ಟೋಬರ್‌ನಲ್ಲಿ ಡಿಸ್ನಿ, ಲ್ಯೂಕಾಸ್‌ಫಿಲ್ಮ್ ಸಂಸ್ಥೆಯನ್ನು ಸುಮಾರು 405 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. 2014ರ ಏಪ್ರಿಲ್ 25ರಂದು ಒಂದು ಹೇಳಿಕೆ ಬಂತು. ಅಲ್ಲಿಯವರೆಗಿನ ಕಾದಂಬರಿ, ಕಾಮಿಕ್ಸ್‌ಗಳ ವಿಸ್ತೃತ ಲೋಕ ಇನ್ನು ಮುಂದೆ ‘ಲೆಜೆಂಡ್ಸ್’, ಅಂದರೆ ದಂತಕಥೆ. ಹೊಸ ಸಿನಿಮಾಗಳು ಅದಕ್ಕೆ ಬದ್ಧವಾಗಿರಬೇಕಿಲ್ಲ. 2015ರಿಂದ ಕಾಮಿಕ್ಸ್ ಹಕ್ಕೂ ಡಾರ್ಕ್ ಹಾರ್ಸ್‌ನಿಂದ ಮಾರ್ವೆಲ್‌ಗೆ ಹೋಯಿತು. ಹೊಸ ಸ್ಕೀಮ್ ಬಂದಾಗ ಹಳೆ ಸ್ಕೀಮ್‌ನ ಪುಸ್ತಕಗಳಿಗೆ ಆಗುವ ಗತಿ ಇದು. ಪುಸ್ತಕ ಕಪಾಟಿನಲ್ಲೇ ಇರುತ್ತದೆ, ಲೆಕ್ಕಕ್ಕಿಲ್ಲ.

ಮಾರ್ವೆಲ್ ಆ ಹಳೆಯ ಕಥೆಗಳನ್ನು ‘ಲೆಜೆಂಡ್ಸ್’ ಮುದ್ರೆಯೊಂದಿಗೆ ದಪ್ಪ ಸಂಪುಟಗಳಾಗಿ ಮತ್ತೆ ಮುದ್ರಿಸಿತು. ಇವತ್ತು ನಮ್ಮಂಥವರು ಓದುವುದು ಅವನ್ನೇ. 2023ರ ಏಪ್ರಿಲ್‌ನಲ್ಲಿ ಲಂಡನ್ ಸಮಾವೇಶದಲ್ಲಿ, ಮೊತ್ತಮೊದಲ ಜೆಡೈಗಳ ಕಾಲದ, 25 ಸಾವಿರ ವರ್ಷ ಹಿಂದಿನ ಸಿನಿಮಾವನ್ನು ಜೇಮ್ಸ್ ಮ್ಯಾಂಗೋಲ್ಡ್ ನಿರ್ದೇಶಿಸುತ್ತಾರೆ ಎಂದು ಪ್ರಕಟಿಸಲಾಯಿತು. ಕಾಮಿಕ್ಸ್ ಉತ್ತ ಹೊಲದಲ್ಲೇ ಹೊಸ ಬಿತ್ತನೆ. ಕಲ್ಪನೆಯ ಇತಿಹಾಸಕ್ಕೆ ಮಾಲೀಕರಿರುತ್ತಾರೆ. ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂದು ಅವರು ಒಂದು ದಿನದಲ್ಲಿ ತೀರ್ಮಾನಿಸಬಹುದು.

ನಿಜವಾದ ಗುಡಿ, ನಿಜವಾದ ಹೆಸರು

ಈಗ ಮೊದಲು ಹೇಳಿದ ಗೋಪುರಗಳಿಗೆ ಬರೋಣ. ಅವು ಸೆಟ್ ಅಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಟಿಕಾಲ್ ಎಂಬಲ್ಲಿರುವ ಮಾಯಾ ಜನರ ಗುಡಿಗಳು. ನಾಲ್ಕನೆಯ ಗುಡಿಯ ಮೇಲೆ ಕ್ಯಾಮೆರಾ ಇಟ್ಟು, ಕಾಡಿನ ನಡುವೆ ತಲೆ ಎತ್ತಿದ ಉಳಿದ ಗೋಪುರಗಳನ್ನು ಚಿತ್ರಿಸಿದರು. ಅವನ್ನು ಕಟ್ಟಿಸಿದವರಿಗೆ ಹೆಸರಿದೆ. ಮೊದಲನೆಯ ಗುಡಿ, ಎಂಟನೆಯ ಶತಮಾನದಲ್ಲಿ ತೀರಿಕೊಂಡ ಜಸಾವ್ ಚಾನ್ ಕವೀಲ್ ಎಂಬ ದೊರೆಯ ಸಮಾಧಿ. ಮಾಯಾ ಲಿಪಿಯನ್ನು ವಿದ್ವಾಂಸರು ಇಪ್ಪತ್ತನೆಯ ಶತಮಾನದಲ್ಲಿ ಓದಿ ಬಿಡಿಸಿದ್ದರಿಂದ ಈ ಹೆಸರು ಮತ್ತೆ ಬಾಯಿಗೆ ಬಂತು. ಆದರೆ ಜಗತ್ತಿನಾದ್ಯಂತ ಎಕ್ಸಾರ್ ಕುನ್ ಗೊತ್ತಿರುವ ಓದುಗರಲ್ಲಿ ಜಸಾವ್ ಚಾನ್ ಕವೀಲ್ ಗೊತ್ತಿರುವವರು ಎಷ್ಟು ಮಂದಿ ಇದ್ದಾರು?

ಇದು ಕಾಮಿಕ್ಸ್‌ನವರ ಮೇಲಿನ ದೂರಲ್ಲ. ಅವರು ಒಳ್ಳೆಯ ಪ್ರಶ್ನೆ ಕೇಳಿದರು, ಕಲ್ಪನೆಯಲ್ಲಿ ಉತ್ತರ ಕಂಡುಕೊಂಡರು. ಆದರೆ ಹಳೆಯ ಗುಡಿಗಳ ನಡುವೆ ಹುಟ್ಟಿದವನು ಇದನ್ನು ಓದುವಾಗ ಎಲ್ಲೋ ಚುರುಕ್ ಎನ್ನುತ್ತದೆ. ನಮ್ಮ ಕಲ್ಲುಗಳ ಕಥೆಯನ್ನು ನಾವು ಹೇಳದಿದ್ದರೆ ಅವು ಬೇರೆಯವರ ಕಥೆಗೆ ಹಿನ್ನೆಲೆಯಾಗುತ್ತವೆ. ಜಾಕಿ ಚಾನ್‌ನ 2005ರ ‘ದ ಮಿಥ್’ ಸಿನಿಮಾದಲ್ಲಿ ನಮ್ಮ ಹಂಪಿ ಹಾಗೆಯೇ ಬಂದು ಹೋಗಿತ್ತು.

ಕರ್ನಾಟಕದಲ್ಲಿ ಚಿತ್ರಕಥೆಯ ಪರಂಪರೆಗೆ ಕೊರತೆಯಿಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ‘ಅಮರ ಚಿತ್ರಕಥೆ’ ಯಾರಿಗೆ ಗೊತ್ತಿಲ್ಲ? ಆ ಸರಣಿಯ ಮೊದಲ ಹತ್ತು ಸಂಖ್ಯೆಗಳು ಬಂದಿದ್ದು ಕನ್ನಡದಲ್ಲಿ ಎಂಬುದು ಹಲವರಿಗೆ ಗೊತ್ತಿರಲಿಕ್ಕಿಲ್ಲ. ಸಿಂಡರೆಲಾದಂಥ ಪಶ್ಚಿಮದ ಕಿನ್ನರ ಕಥೆಗಳವು. ನಮ್ಮದೇ ಪುರಾಣ ಬಂದಿದ್ದು ಹನ್ನೊಂದನೆಯದಾದ ‘ಕೃಷ್ಣ’ದಿಂದ. ಅಶೋಕ, ಕೃಷ್ಣದೇವರಾಯ ಅವರ ಪುಸ್ತಕಗಳೂ ಮುಂದೆ ಬಂದವು. 2006ರಲ್ಲಿ ಬೆಂಗಳೂರಿನಲ್ಲಿ ಸ್ಟುಡಿಯೊ ಇದ್ದ ವರ್ಜಿನ್ ಕಾಮಿಕ್ಸ್ ‘ರಾಮಾಯಣ 3392 ಎಡಿ’ ಎಂಬ ಸರಣಿ ತಂದು, ರಾಮನ ಕಥೆಯನ್ನು ದೂರದ ಭವಿಷ್ಯಕ್ಕೆ ಒಯ್ದಿತು. ಸ್ಟಾರ್ ವಾರ್ಸ್‌ನವರು ಭವಿಷ್ಯದಂತೆ ಕಾಣುವ ಕಥೆಗೆ ಪ್ರಾಚೀನತೆ ಜೋಡಿಸಿದರೆ, ಇವರು ಪ್ರಾಚೀನ ಕಥೆಗೆ ಭವಿಷ್ಯ ಜೋಡಿಸಿದರು. ದೇವರು ಬಂದರು, ಚಕ್ರವರ್ತಿಗಳು ಬಂದರು. ಕಲ್ಲು ಎಳೆದವರು, ಕೆರೆ ತೋಡಿದವರು, ಹೊಲ ದಾನ ಪಡೆದು ಪಾಠ ಹೇಳಿದವರು ಮಾತ್ರ ಇನ್ನೂ ಬರಬೇಕು.

1294ರ ಒಂದು ಪ್ಯಾನೆಲ್

ಅವರನ್ನು ಹುಡುಕಲು ದೂರ ಹೋಗಬೇಕಿಲ್ಲ. ರಾಯಚೂರು ಕೋಟೆಯ ಪಶ್ಚಿಮ ಗೋಡೆಗೆ ಹೋಗಿ. ಅಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕೋಟೆ ಕಟ್ಟಿಸಿದ ವಿಷಯ ಅದರ ಮೇಲಿದೆ. ಪುಸ್ತಕಗಳಲ್ಲಿ ಇಷ್ಟೇ ಓದಿರುತ್ತೇವೆ. ಆದರೆ ಅದರ ಪಕ್ಕದಲ್ಲೇ, ಕೆಳಸಾಲಿನ ಕಲ್ಲುಗಳ ಮೇಲೆ, ಆ ಉದ್ದನೆಯ ಕಲ್ಲನ್ನು ತಂದಿದ್ದು ಹೇಗೆ ಎಂಬ ಚಿತ್ರವನ್ನು ಗೀರಿದ್ದಾರೆ. ಗಟ್ಟಿ ಗಾಲಿಗಳ ಬಂಡಿ, ಎಳೆಯುವ ಜಾನುವಾರುಗಳ ಉದ್ದ ಸಾಲು, ಗಾಲಿಗೆ ಸನಿಕೆ ಕೊಟ್ಟು ಮೀಟುತ್ತಿರುವ ಆಳುಗಳು. ಗೆಳೆಯರೇ, ಇದು ಪಕ್ಕಾ ಕಾಮಿಕ್ಸ್ ಪ್ಯಾನೆಲ್. ದೊರೆಯ ಹೊಗಳಿಕೆಯ ಪಕ್ಕದಲ್ಲೇ ಕೂಲಿಗಳ ಚಿತ್ರ, ಅದೂ 700 ವರ್ಷ ಹಿಂದೆ.

ಮೆಕ್ಯಾನಿಕ್ಸ್ ಓದಿದವರು ಒಂದು ಲೆಕ್ಕ ಹಾಕಿ. ಗ್ರಾನೈಟ್ ಒಂದು ಘನ ಮೀಟರ್‌ಗೆ ಸುಮಾರು 2.7 ಟನ್ ತೂಗುತ್ತದೆ. ಹನ್ನೆರಡೂವರೆ ಮೀಟರ್ ಉದ್ದದ ಕಲ್ಲಿಗೆ ಅಗಲ ಒಂದು ಮೀಟರ್, ದಪ್ಪ ಅರ್ಧ ಮೀಟರ್ ಎಂದು ಹಿಡಿದರೂ ತೂಕ 17 ಟನ್ ಹತ್ತಿರ ಬರುತ್ತದೆ. ಕ್ರೇನ್ ಇಲ್ಲ, ಡಾಂಬರು ರಸ್ತೆ ಇಲ್ಲ, ಬೇರಿಂಗ್ ಇಲ್ಲ. ಸನಿಕೆ ಎಲ್ಲಿ ಕೊಡಬೇಕು, ಇಳಿಜಾರಿನಲ್ಲಿ ಬಂಡಿ ಓಡದಂತೆ ಹೇಗೆ ತಡೆಯಬೇಕು ಎಂದು ತಿಳಿದ ಒಬ್ಬ ಮೇಸ್ತ್ರಿ ಅಲ್ಲಿ ಇದ್ದಿರಲೇಬೇಕು. ಆತ ನಮ್ಮ ಜಿಲ್ಲೆಯ ಹಳೆಯ ಎಂಜಿನಿಯರ್.

ಮಸ್ಕಿಗೆ ಬನ್ನಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಒಂದು ಅಂಕದ ಪ್ರಶ್ನೆ: ಅಶೋಕನ ಹೆಸರಿರುವ ಶಾಸನ ಸಿಕ್ಕಿದ್ದು ಎಲ್ಲಿ? ಆ ಒಂದು ಅಂಕದ ಹಿಂದೆ ದೊಡ್ಡ ಪತ್ತೇದಾರಿ ಕಥೆಯಿದೆ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಓದಿದರು. ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ. ಆತ ಅಶೋಕನೇ ಎಂದು ಹೇಳಲು ಸಿಂಹಳದ ಗ್ರಂಥಗಳ ಆಸರೆ ಬೇಕಾಯಿತು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಬಿರುದಿನ ಜೊತೆಗೇ ‘ಅಶೋಕ’ ಎಂಬ ಹೆಸರು ಸಿಕ್ಕಿತು. ಅದನ್ನು ಗುರುತಿಸಿದವರು ಸಿ. ಬೀಡನ್, ಚಿನ್ನದ ಗಣಿಯ ಎಂಜಿನಿಯರ್. ಚಿನ್ನ ಹುಡುಕುವವರ ಕಣ್ಣಿಗೆ ಚಕ್ರವರ್ತಿಯ ಹೆಸರು ಬಿತ್ತು. ಈ ಕಥೆಯನ್ನು ಯಾರಾದರೂ 40 ಪುಟ ಚಿತ್ರಿಸಿದರೆ ನಮ್ಮ ಹುಡುಗರು ಆ ಒಂದು ಅಂಕವನ್ನು ಜನ್ಮದಲ್ಲಿ ಮರೆಯಲಿಕ್ಕಿಲ್ಲ.

ಇನ್ನು ನಮ್ಮ ಗಬ್ಬೂರು. ದೇವದುರ್ಗ ತಾಲ್ಲೂಕಿನ ಈ ಊರಲ್ಲಿ ಮಲೆ ಶಂಕರ, ವೆಂಕಟೇಶ್ವರ, ಏಳು ಬಾವಿ ಬಸವಣ್ಣ, ಬಂಗಾರ ಬಸಪ್ಪ ಹೀಗೆ ಹಳೆಯ ಗುಡಿಗಳ ಸಾಲೇ ಇದೆ. ಕೆಲವು ಪೂಜೆಗೊಳ್ಳುತ್ತಿವೆ, ಕೆಲವು ಬಿದ್ದಿವೆ. ಶಾಸನಗಳಿವೆ. ಮಧ್ಯಯುಗದಲ್ಲಿ ಇದು ವಿದ್ಯಾಕೇಂದ್ರವಾಗಿತ್ತು ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಕೇಳಿದರೆ ಬರುವ ಉತ್ತರ ಬೇರೆ: ‘ಯಾರ್ ಕಟ್ಟ್ಯಾರೋ ಏನೋ ತಮ್ಮಾ, ಹಿಂದಿನವ್ರು ಕಟ್ಟ್ಯಾರ. ಒಂದs ರಾತ್ರ್ಯಾಗ ದೇವ್ರು ಕಟ್ಟಿದ್ದಂತ ನಮ್ಮ ಮುತ್ಯಾ ಹೇಳ್ತಿದ್ದ.’ ಇದೂ ಒಂದು ಕಾಮಿಕ್ಸ್ ಉತ್ತರವೇ, ಚಂದದ ಉತ್ತರ. ಆದರೆ ಅಂಗಳದಲ್ಲಿ ನಿಂತ ಕಲ್ಲಿನಲ್ಲಿ ಬೇರೆ ಉತ್ತರವೂ ಇರಬಹುದಲ್ಲ?

ಶಾಸನ ಎಂದರೆ ಹೆದರಬೇಕಾದ್ದೇನಿಲ್ಲ. ನಮ್ಮ ಕಡೆಯ ದಾನಶಾಸನಗಳಲ್ಲಿ ಬಹುಪಾಲು ಒಂದೇ ಕ್ರಮದಲ್ಲಿರುತ್ತವೆ. ಮೊದಲು ಆಳುವ ದೊರೆಯ ಬಿರುದುಗಳು, ಆಮೇಲೆ ಶಕವರ್ಷ, ಸಂವತ್ಸರ, ತಿಥಿ, ವಾರ. ನಂತರ ಯಾರು, ಯಾರಿಗೆ, ಯಾವ ಹೊಲ ಕೊಟ್ಟರು. ಅದರ ನಾಲ್ಕು ದಿಕ್ಕಿನ ಗಡಿ ಯಾವುದು. ಕೊನೆಗೆ, ಈ ದಾನ ಕೆಡಿಸಿದವರಿಗೆ ಗಂಗೆಯ ದಡದಲ್ಲಿ ಹಸು ಕೊಂದ ಪಾಪ ಬರಲಿ ಎಂಬ ಶಾಪ. ಸರಳವಾಗಿ ಹೇಳುವುದಾದರೆ ಕಲ್ಲಿನ ಮೇಲಿನ ಪಹಣಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ಪ್ರಕಟಿಸಿದೆ. ಅವುಗಳಲ್ಲಿ ಶಾಸನದ ಪಾಠ ಹೊಸ ಲಿಪಿಯಲ್ಲಿಯೇ ಸಿಗುತ್ತದೆ. ಜೆಡೈಗಳ 25 ಸಾವಿರ ವರ್ಷದ ಕಾಲಾನುಕ್ರಮ ನೆನಪಿಟ್ಟುಕೊಳ್ಳುವ ತಲೆಗೆ ಇದು ಕಷ್ಟವೇ ಅಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ಇಲ್ಲಾದರೂ ಸುಳ್ಳು ಮಾಡಬಹುದು.

ಖಾಲಿ ಚೌಕಟ್ಟು ಖಾಲಿಯೇ ಇರಲಿ

ಒಂದು ಎಚ್ಚರ ಬೇಕು. ಯಾವಿನ್ ಗುಡಿಗೆ ಯಾರ ಹೆಸರನ್ನಾದರೂ ಇಡಬಹುದು, ಯಾರಿಗೂ ನಷ್ಟವಿಲ್ಲ. ಗಬ್ಬೂರಿನ ಗುಡಿಗೆ ಹಾಗೆ ಇಡಲು ಬರುವುದಿಲ್ಲ. ನಮಗೆ ಬೇಕಾದ ಜಾತಿಯ, ಬೇಕಾದ ವಂಶದ ಹೆಸರನ್ನು ಅಂಟಿಸಿ ಚಂದದ ಚಿತ್ರ ಬರೆದರೆ ಅದು ನಾಳೆ ಜಗಳಕ್ಕೆ ದಾಖಲೆಯಾಗುತ್ತದೆ. ಡಿಸ್ನಿಯಂತೆ ಒಂದು ಹೇಳಿಕೆ ಕೊಟ್ಟು ಹಿಂದಕ್ಕೆ ಪಡೆಯಲು ನಮ್ಮ ಇತಿಹಾಸಕ್ಕೆ ಮಾಲೀಕರಿಲ್ಲ. ಮಾಲೀಕರಿಲ್ಲದ್ದರಿಂದಲೇ ಇನ್ನೊಂದು ಅಪಾಯವೂ ಇದೆ: ಅಕ್ಷರದ ಕಲ್ಲು ಸುಣ್ಣದಡಿ ಮುಚ್ಚಿಹೋಗಬಹುದು, ಪಾಯಕ್ಕೆ ಸೇರಬಹುದು, ನಿಧಿ ಹುಡುಕುವವರ ಹಾರೆಗೆ ಸಿಕ್ಕಿ ಒಡೆಯಬಹುದು.

ಹಾಗಾಗಿ ಆ ಕಾಮಿಕ್ಸ್‌ನಿಂದ ನಾನು ತೆಗೆದುಕೊಳ್ಳುವುದು ಅವರ ಉತ್ತರವನ್ನಲ್ಲ, ಕೆಲಸದ ಕ್ರಮವನ್ನು. ಕಣ್ಣಿಗೆ ಕಾಣುವ ಒಂದು ವಸ್ತುವಿನಿಂದ ಶುರು ಮಾಡು. ಒಂದೇ ಗಡಿಯಾರ ಇಟ್ಟುಕೊ. ಹಳೆಯ ಸಲಕರಣೆ ಹೇಗೆ ಕೆಲಸ ಮಾಡುತ್ತಿತ್ತು ಎಂದು ಯೋಚಿಸು. ದೊರೆಗಿಂತ ಮೊದಲು ಕೂಲಿಯವನನ್ನು ನೋಡು. ಇದಕ್ಕೆ ನಾವು ಸೇರಿಸಬೇಕಾದ ಐದನೆಯ ನಿಯಮ ಒಂದೇ: ಗೊತ್ತಿಲ್ಲದ ಕಡೆ ಚೌಕಟ್ಟನ್ನು ಖಾಲಿ ಬಿಡು.

ನಾವು ಮೂವರು ಗೆಳೆಯರು ಈ ಸೆಮಿಸ್ಟರ್ ರಜೆಗೆ ಎಂಟು ಪುಟದ ಕಾಮಿಕ್ಸ್ ಒಂದನ್ನು ಶುರು ಮಾಡಿದ್ದೇವೆ. ವಿಷಯ, 1294ರ ಆ ಕಲ್ಲಿನ ಬಂಡಿ. ಒಬ್ಬ ಚಿತ್ರ ಬರೆಯುತ್ತಾನೆ, ಒಬ್ಬ ಗಾಲಿ ಮತ್ತು ಸನಿಕೆಯ ಲೆಕ್ಕ ಹಾಕುತ್ತಾನೆ, ಮಾತು ಬರೆಯುವ ಪಾಲು ನನ್ನದು. ಮೇಸ್ತ್ರಿಗೆ ಹೆಸರಿಡೋಣ ಎಂದು ಚಿತ್ರ ಬರೆಯುವವನು ಹೇಳಿದ. ಬೇಡ ಎಂದು ತೀರ್ಮಾನಿಸಿದೆವು. ಎಂಟೂ ಪುಟದಲ್ಲಿ ಆತನ ಮುಖ ಕಾಣುತ್ತದೆ, ಕೈ ಕಾಣುತ್ತದೆ, ಬೆವರು ಕಾಣುತ್ತದೆ. ಹೆಸರಿನ ಜಾಗ ಖಾಲಿ ಇರುತ್ತದೆ.